ಮೂವರೂ ಸಮ ಆದರೆ ಕಪ್ ಯಾರಿಗೆ?

ಕೋಡಂಬಾಕ್ಕಂಗೆ ಬಂದು ಇಪ್ಪತ್ತಾರು ವರ್ಷ ಆಯ್ತು. ಪವರ್ ಹೌಸ್ ಬಸ್ ಸ್ಟಾಪಿನ ಹತ್ತಿರ ಮನೆ ಮಾಡಿಕೊಂಡು ಐಪಿಎಲ್ ಟೈಮಿನಲ್ಲಿ ಆರ್‌ಸಿಬಿ ಅಂತ ಕೂಗಿದರೆ ಅಕ್ಕಪಕ್ಕದವರು ಹೇಗೆ ನೋಡುತ್ತಾರೆ ಅನ್ನೋದು ಇಲ್ಲಿರುವ ಕನ್ನಡಿಗರಿಗೆ ಗೊತ್ತೇ ಇದೆ. ಆದರೆ ಇವತ್ತು ಹೇಳ ಹೊರಟಿರುವುದು ಕ್ರಿಕೆಟ್ ವಿಷಯ ಅಲ್ಲ.

2024ರ ಡಿಸೆಂಬರಿನಲ್ಲಿ ನಾನು, ನನ್ನವಳು ಒಂದು ತಿಂಗಳು ಮಗಳ ಮನೆಗೆ ಅಂತ ಅಮೆರಿಕದ ಮೇರಿಲ್ಯಾಂಡಿಗೆ ಹೋಗಿದ್ದೆವು. ಒಂದು ಶನಿವಾರ ಮಧ್ಯಾಹ್ನ ಅಳಿಯ ಟೀವಿ ಹಾಕಿ, "ಮಾವ, ಇವತ್ತು ಆರ್ಮಿ-ನೇವಿ ಮ್ಯಾಚು. ಇಲ್ಲೇ ಲ್ಯಾಂಡೋವರಿನಲ್ಲಿ ನಡೀತಿದೆ, ನೋಡಿ" ಅಂದ. ಅವರ ಫುಟ್‌ಬಾಲ್ ನನಗೆ ಅರ್ಥವಾಗುವುದಿಲ್ಲ. ಕಾಲಿಗಿಂತ ಕೈಗೇ ಜಾಸ್ತಿ ಕೆಲಸ ಇರುವ ಆಟಕ್ಕೆ ಆ ಹೆಸರು ಯಾಕೋ! ಆದರೆ ಅದರ ಹಿಂದಿನ ಟ್ರೋಫಿಯ ಲೆಕ್ಕ ಕೇಳಿದಾಗ ಕಿವಿ ನೆಟ್ಟಗಾಯಿತು. ಬ್ಯಾಂಕಿನವನಲ್ಲವೇ.

ಟ್ರೋಫಿಯ ಹೆಸರು ಕಮಾಂಡರ್-ಇನ್-ಚೀಫ್ಸ್ ಟ್ರೋಫಿ. ಆಡುವವರು ಮೂರೇ ಕಾಲೇಜಿನವರು: ವೆಸ್ಟ್ ಪಾಯಿಂಟಿನ ಆರ್ಮಿ, ಅನ್ನಾಪೊಲಿಸ್‌ನ ನೇವಿ, ಕೊಲೊರಾಡೊದ ಏರ್‌ಫೋರ್ಸ್. ಓದು ಮುಗಿದ ಮೇಲೆ ಎಲ್ಲರೂ ಒಂದೇ ದೇಶದ ಸೇನಾಧಿಕಾರಿಗಳು. ಆರ್ಮಿ-ನೇವಿ ಜಿದ್ದು 1890ರಿಂದ ಇದೆ. ಏರ್‌ಫೋರ್ಸ್ ಅಕಾಡೆಮಿ ಹುಟ್ಟಿದ್ದೇ 1954ರಲ್ಲಿ. ಮೂವರಿಗೂ ಸೇರಿ ಒಂದು ಟ್ರೋಫಿ ಇರಲಿ ಅಂತ ಯೋಚಿಸಿದವರು ಏರ್‌ಫೋರ್ಸಿನ ಜನರಲ್ ಜಾರ್ಜ್ ಸಿಮ್ಲರ್. 1972ರಲ್ಲಿ ಅದು ಶುರುವಾಯಿತು. ಪಾಪ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಅವರು ವಿಮಾನ ಅಪಘಾತದಲ್ಲಿ ತೀರಿಕೊಂಡರು. ಮೊದಲ ಸಲ ಗೆದ್ದ ಆರ್ಮಿಗೆ ಅಧ್ಯಕ್ಷ ನಿಕ್ಸನ್ ಟ್ರೋಫಿ ಕೊಟ್ಟರು. ಮೂರು ಬೆಳ್ಳಿ ಚೆಂಡುಗಳಿರುವ ಅದು ಎರಡೂವರೆ ಅಡಿ ಎತ್ತರ, ಸುಮಾರು 77 ಕೆಜಿ ತೂಕ. ಒಬ್ಬರು ಎತ್ತುವ ಮಾತೇ ಇಲ್ಲ.

ಲೆಕ್ಕ ಸುಲಭ. ವರ್ಷಕ್ಕೆ ಮೂರು ಮ್ಯಾಚು, ಪ್ರತಿಯೊಬ್ಬರೂ ಉಳಿದಿಬ್ಬರ ಜತೆ ಒಂದೊಂದು ಸಲ. ಇಬ್ಬರನ್ನೂ ಸೋಲಿಸಿದವರಿಗೆ ಟ್ರೋಫಿ. ಆ ವರ್ಷ ಆರ್ಮಿ, ನೇವಿ ಎರಡೂ ಏರ್‌ಫೋರ್ಸನ್ನು ಸೋಲಿಸಿಯಾಗಿತ್ತು, ಉಳಿದದ್ದು ಇವರಿಬ್ಬರದೇ. ನೇವಿ 31-13ರಲ್ಲಿ ಗೆದ್ದಿತು. ಮ್ಯಾಚ್ ಮುಗಿದ ಮೇಲೆ ಎರಡೂ ತಂಡದವರು ಒಟ್ಟಿಗೆ ನಿಂತು ಮೊದಲು ಸೋತವರ ಕಾಲೇಜು ಗೀತೆ, ಆಮೇಲೆ ಗೆದ್ದವರದು ಹಾಡಿದರು. ನನ್ನವಳಿಗೆ ಇಡೀ ಆಟದಲ್ಲಿ ಇಷ್ಟವಾದದ್ದು ಅದೊಂದೇ.

ನಾನು ಮಾತ್ರ ಕೇಳಿದೆ: "ಅಲ್ಲಪ್ಪಾ, ಇವರು ಅವರನ್ನು ಸೋಲಿಸಿ, ಅವರು ಇನ್ನೊಬ್ಬರನ್ನು ಸೋಲಿಸಿ, ಆ ಇನ್ನೊಬ್ಬರು ಇವರನ್ನು ಸೋಲಿಸಿದರೆ? ಮೂವರಿಗೂ ಒಂದೊಂದು ಗೆಲುವು. ಆಗ?"

"2021ರಲ್ಲಿ ಹಾಗೇ ಆಗಿತ್ತು ಮಾವ. ಏರ್‌ಫೋರ್ಸು ನೇವಿನ ಸೋಲಿಸ್ತು, ಆರ್ಮಿ ಏರ್‌ಫೋರ್ಸನ್ನ, ಕೊನೇಲಿ ನೇವಿ ಆರ್ಮಿನ. ಹಿಂದಿನ ವರ್ಷ ಟ್ರೋಫಿ ಆರ್ಮಿ ಹತ್ರ ಇತ್ತು, ಅಲ್ಲೇ ಉಳೀತು."

"ಪಾಯಿಂಟ್ಸ್ ಲೆಕ್ಕ ಹಾಕಲಿಲ್ಲವಾ? ನೆಟ್ ರನ್‌ರೇಟ್ ಥರ?"

"ಇಲ್ಲ. ಸಮ ಅಂದ್ರೆ ಸಮ. ಕಿತ್ಕೊಳ್ಳೋರು ಯಾರೂ ಇಲ್ಲ ಅಂತ ಅರ್ಥ."

ನಾನು ಸುಮ್ಮನಾದೆ. ಯಾಕೆ ಅಂತ ಅವರಿಗೆ ಹೇಳಲಿಲ್ಲ. ನಿಮಗೆ ಹೇಳುತ್ತೇನೆ.

1989ರ ಫೆಬ್ರವರಿ. ನಾನು ಫೈನಲ್ ಬಿಕಾಂ. ನಮ್ಮ ಮಲೆನಾಡಿನ ಕಡೆ ಅಕ್ಕಪಕ್ಕದ ಮೂರು ಊರಿನ ಮೂರು ಕಾಲೇಜುಗಳಿಗೆ ಒಬ್ಬ ಜವಳಿ ವ್ಯಾಪಾರಿ ವಾಲಿಬಾಲ್ ರೋಲಿಂಗ್ ಶೀಲ್ಡ್ ಕೊಟ್ಟಿದ್ದರು. ಆ ವರ್ಷ ಮೂರು ಕಾಲೇಜಿಗೂ ಒಂದೊಂದು ಗೆಲುವು. ಎಲ್ಲ ಮ್ಯಾಚೂ 2-1, ಹಾಗಾಗಿ ಸೆಟ್ಟುಗಳೂ ಸಮ. ಸಮ ಆದರೆ ಏನು ಅಂತ ಯಾರೂ ರೂಲು ಬರೆದಿಟ್ಟಿರಲಿಲ್ಲ. ಕೊನೆಗೆ, ಗಳಿಸಿದ ಪಾಯಿಂಟಿನಲ್ಲಿ ಬಿಟ್ಟುಕೊಟ್ಟ ಪಾಯಿಂಟ್ ಕಳೆಯೋಣ ಅಂತಾಯಿತು. ಲೆಕ್ಕ ಹಾಕಲು ಕೂರಿಸಿದ್ದು ನನ್ನನ್ನು.

ಹಿಂದಿನ ವರ್ಷ ಶೀಲ್ಡ್ ಇದ್ದದ್ದು ಎರಡನೇ ಕಾಲೇಜಿನಲ್ಲಿ. ಅದರ ಕ್ಯಾಪ್ಟನ್ ನನ್ನ ಹೈಸ್ಕೂಲ್ ಗೆಳೆಯ. ನಾನು ಸ್ಕೋರ್‌ಶೀಟಿನ ಹಿಂದೆ ಕೂಡಿ, ಕಳೆದು, ಮೂರೂ ಮೊತ್ತ ಸೇರಿಸಿದರೆ ಸೊನ್ನೆ ಬರುತ್ತದೆ, ಟ್ಯಾಲಿ ಆಯ್ತು ಅಂತ ತೋರಿಸಿದೆ. ಅವರಿಗಿಂತ ನಾವು ನಾಲ್ಕು ಪಾಯಿಂಟ್ ಮುಂದೆ. "ನೀನು ಕಾಮರ್ಸ್ ಹುಡುಗ, ನೋಡೋದೇನಿದೆ" ಅಂತ ಅವನು ಓದದೇ ಸಹಿ ಹಾಕಿದ. ಶೀಲ್ಡ್ ನಮ್ಮ ಕಾಲೇಜಿಗೆ ಬಂತು.

ಮರುದಿನ ಶೀಟನ್ನು ಫೈಲಿಗೆ ಸೇರಿಸುವಾಗ ನೋಡಿದೆ. ಅವರ ಮೇಲೆ ನಾವು ಗೆದ್ದ ಒಂದು ಸೆಟ್ಟು 15-7. ನಾನು ಏಳನ್ನು ಒಂದು ಅಂತ ಓದಿ 15-1 ಬರೆದಿದ್ದೆ. ನಮಗೆ ಆರು ಹೆಚ್ಚು, ಅವರಿಗೆ ಆರು ಕಡಿಮೆ, ಒಟ್ಟು ಹನ್ನೆರಡರ ವ್ಯತ್ಯಾಸ. ಸರಿಯಾದ ಲೆಕ್ಕದಲ್ಲಿ ಅವರೇ ಎಂಟು ಪಾಯಿಂಟ್ ಮುಂದೆ. ತಪ್ಪು ಎರಡೂ ಕಡೆ ಸರಿಸಮ ಕೂತಿದ್ದರಿಂದ ಮೊತ್ತ ಮಾತ್ರ ಸೊನ್ನೆಯೇ ಬಂದಿತ್ತು. ಟ್ರಯಲ್ ಬ್ಯಾಲೆನ್ಸ್ ತಾಳೆ ಆದ ಮಾತ್ರಕ್ಕೆ ಲೆಕ್ಕ ಸರಿ ಅಂತಲ್ಲ ಅನ್ನೋದು ಬಿಕಾಂ ಮೊದಲ ವರ್ಷದ ಪಾಠ. ಅದನ್ನು ನಾನು ಕಲಿತದ್ದು ಹೀಗೆ.

ಬಾಯಿ ಬಿಡಲಿಲ್ಲ. ಕಾಲೇಜಿನಲ್ಲಿ ಮೆರವಣಿಗೆ ಆಗಿಹೋಗಿತ್ತು. ಆಮೇಲೆ ಪರೀಕ್ಷೆ, ಬ್ಯಾಂಕಿನ ಕೆಲಸ, ವರ್ಗಾವಣೆ, ಮದರಾಸು. ಕ್ಯಾಷ್ ಹತ್ತು ರೂಪಾಯಿ ತಾಳೆಯಾಗದಿದ್ದರೆ ಹುಡುಗರನ್ನು ರಾತ್ರಿ ಎಂಟರವರೆಗೆ ಕೂರಿಸಿಕೊಂಡವನು ನಾನು. ಹಾಗೆ ಕೂರಿಸಿದಾಗಲೆಲ್ಲ ಆ ಏಳು ನೆನಪಾಗುತ್ತಿತ್ತು.

ಅಮೆರಿಕದವರ ರೂಲು ಮೊದಲು ಅನ್ಯಾಯ ಅನಿಸಿತು. ಹಿಂದಿನ ವರ್ಷ ಗೆದ್ದದ್ದಕ್ಕೆ ಈ ವರ್ಷವೂ ಯಾಕೆ? ಆದರೆ ಅಲ್ಲಿ ಸಮ ಆದಾಗ ಗೌರವ ಮೂವರಿಗೂ ಹಂಚಿಕೆ, ವಸ್ತು ಮಾತ್ರ ಇದ್ದಲ್ಲೇ ಇರುತ್ತದೆ. ಮೈದಾನದಲ್ಲಿ ಗೆಲ್ಲದ್ದನ್ನು ಮೇಜಿನ ಮೇಲೆ ಗೆಲ್ಲುವಂತಿಲ್ಲ. ನನ್ನಂಥ ಲೆಕ್ಕದವನನ್ನು ಕರೆಯುವ ಪ್ರಸಂಗವೇ ಬರುವುದಿಲ್ಲ. ಆ ರೂಲು ನಮ್ಮಲ್ಲಿದ್ದಿದ್ದರೂ ಶೀಲ್ಡ್ ಅವನದೇ, ನನ್ನ ಕೂಡು-ಕಳೆ ಸರಿ ಇದ್ದಿದ್ದರೂ ಅವನದೇ.

ವಾಪಸ್ ಬಂದ ಮೇಲೆ ಒಂದು ಭಾನುವಾರ ಫೋನ್ ಮಾಡಿ ಎಲ್ಲ ಹೇಳಿದೆ. ನಗುತ್ತಾನೆ, ಬಿಡೋ ಮಾರಾಯ ಅನ್ನುತ್ತಾನೆ ಅಂದುಕೊಂಡಿದ್ದೆ. ಅವನು ನಗಲಿಲ್ಲ.

"ಹಂಗಾದ್ರೆ ಆ ವರ್ಷ ನಮ್ದೇ ಅಲ್ವನಾ?" ಅಂದ. ಸ್ವಲ್ಪ ಹೊತ್ತು ಬಿಟ್ಟು, "ಶೀಲ್ಡ್ ಕಳ್ಕೊಂಡು ಬಂದೆ ಅಂತ ನಮ್ಮ ಪಿಟಿ ಮೇಷ್ಟ್ರು ಆಮೇಲೆ ನನ್ನ ಹತ್ರ ಸರಿಯಾಗಿ ಮಾತೇ ಆಡ್ಲಿಲ್ಲ ಕಣೋ" ಅಂದ. ಮೇಷ್ಟರು ಈಗಿಲ್ಲ. ಶೀಲ್ಡ್ ಎಲ್ಲಿದೆಯೋ ಅವನಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಫೋನ್ ಇಡುವ ಮುಂಚೆ ಹೇಳಿದ, "ಅದನ್ನ ಒಂದು ಕಾಗದದಲ್ಲಿ ಬರ್ದು ಕಳ್ಸು."

ಬಿಳಿ ಹಾಳೆಯ ಮೇಲೆ ತಂಡಗಳ ಹೆಸರು ಬರೆದು, 15-7ನ್ನು ದಪ್ಪಗೆ ತಿದ್ದಿ, ಎಂಟು ಪಾಯಿಂಟ್ ಅಂತ ಅಂಕಿಯಲ್ಲೂ ಅಕ್ಷರದಲ್ಲೂ ಬರೆದು, ತಾರೀಕು ಹಾಕಿ ಸಹಿ ಮಾಡಿದೆ. ಸೋಮವಾರ ಬ್ಯಾಂಕಿಗೆ ಹೋಗುವ ಮುಂಚೆ ಸ್ಪೀಡ್ ಪೋಸ್ಟ್ ಮಾಡಿದೆ. ಗುರುವಾರ ತಲುಪಿತಂತೆ. ಈ ಸಲ ಪೂರ್ತಿ ಓದಿದೆ ಅಂದ.