ಅಂಟಿನ ನಂಟು

ಬಣ್ಣವೆಂಬುದು ಮೂಲದಲ್ಲಿ ಬರಿಯ ಪುಡಿ. ಅದನ್ನು ಹಲಗೆಗೋ ಕಾಗದಕ್ಕೋ ಹಿಡಿದು ನಿಲ್ಲಿಸುವುದು ಅಂಟು. ಅದೇ ಪುಡಿಯನ್ನು ಅಗಸೆಯೆಣ್ಣೆಯಲ್ಲಿ ಅರೆದರೆ ತೈಲವರ್ಣ. ಜಾಲಿಯ ಜಾತಿಯ ಮರದ ಗೋಂದಿನಲ್ಲಿ ಕಲಸಿದರೆ ಜಲವರ್ಣ. ಮೊಟ್ಟೆಯ ಹಳದಿಯಲ್ಲಿ ಕಲಸಿದರೆ ಟೆಂಪೆರಾ. ಈಚಿನ ಅಕ್ರಿಲಿಕ್ಕಿಗಂತೂ ಪ್ಲಾಸ್ಟಿಕ್ಕೇ ಅಂಟು. ವಿಭಕ್ತಿ ಪ್ರತ್ಯಯ ಕಲಿಸಿ ಹೊಟ್ಟೆ ಹೊರೆಯುವ ನನ್ನಂಥವನಿಗೆ ಈ ಸಂಗತಿ ಬಹಳ ಹಿಡಿಸಿತು.

ನನಗೆ ಈ ವಿದ್ಯೆ ಬೇಕಾದದ್ದು ದೇವರ ಮನೆಯ ಪಟದಿಂದ. ತಾತನ ಕಾಲದ ಶ್ರೀರಾಮ ಪಟ್ಟಾಭಿಷೇಕ. ಮುಮ್ಮಡಿ ಕೃಷ್ಣರಾಜ ಒಡೆಯರ (1794–1868) ಆಶ್ರಯದಲ್ಲಿ ಬೆಳೆದ ಮೈಸೂರು ಶೈಲಿಯದು. ಗಾಜು ಒಡೆದು ಸೀತೆಯ ಮುಖ ಮಂಕಾಗಿತ್ತು. ಕಟ್ಟು ಹಾಕುವವನು, "ಒದ್ದೆ ಬಟ್ಟೇಲಿ ಒರೆಸಿ ಮೇಲೆ ಆಯಿಲ್ ಪೇಂಟ್ ಎಳೆದುಬಿಡ್ತೀನಿ ಮೇಷ್ಟ್ರೇ, ಹೊಸದಾಗುತ್ತೆ" ಎಂದ. ಅಮ್ಮನಿಗೂ ಒಪ್ಪಿಗೆಯಾಯಿತು.

ಈ ಪಟಗಳ ಕಟ್ಟೋಣವನ್ನು ನೋಡಿ. ಹಲಗೆಗೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿ, ಹುಣಿಸೆ ಕಡ್ಡಿ ಸುಟ್ಟ ಇದ್ದಿಲಿನಿಂದ ರೇಖೆ ಬರೆಯುತ್ತಿದ್ದರು. ಒಡವೆ, ಕಿರೀಟ, ಸೀರೆಯಂಚುಗಳಿಗೆ ಸಫೇದ, ಅಂದರೆ ಸೀಸದ ಬಿಳಿ, ಮಕ್ಕಿಯೆಂಬ ಹಳದಿ ಅಂಟು, ಗೋಂದು ಇವನ್ನು ಅರೆದ ಲೇಪವನ್ನು ಕುಂಚದ ತುದಿಯಿಂದ ಎಳೆಯೆಳೆಯಾಗಿ ಎತ್ತರಿಸಿ, ಮೇಲೆ ಚಿನ್ನದ ರೇಕು ಕೂರಿಸುತ್ತಿದ್ದರು. ತಂಜಾವೂರಿನಂತೆ ದಪ್ಪ ಉಬ್ಬಲ್ಲ, ಬೆರಳಾಡಿಸಿದರೆ ತಿಳಿಯುವಷ್ಟು. (ನನಗೆ ಇದೇ ಇಷ್ಟ, ತಂಜಾವೂರಿನವರು ಕ್ಷಮಿಸಲಿ.) ಎಲ್ಲಕ್ಕೂ ಆಧಾರ ಗೋಂದು, ಗೋಂದು ನೀರಿಗೆ ಕರಗುವಂಥದು. ಒದ್ದೆ ಬಟ್ಟೆ ಆಡಿದಲ್ಲಿ ಹೊಗೆಯೊಡನೆ ಸೀತೆಯೂ ಹೊರಟುಹೋಗುತ್ತಾಳೆ. ಮುಖಕ್ಕೆ ಸೀಸದ ಬಿಳಿ ಬೆರೆತಿದ್ದರೆ, ಗಾಳಿಯಲ್ಲಿನ ಗಂಧಕದ ಸೋಂಕಿಗೆ ಆ ಬಿಳಿಯೇ ಕಪ್ಪಾಗಿರಲೂಬಹುದು. ಆಗ ಒರೆಸಿ ತೆಗೆಯಲು ಕೊಳೆಯೇ ಇಲ್ಲ.

ಇಷ್ಟನ್ನೂ ಅಮ್ಮನಿಗೆ ಹೇಳಿದೆ. ಅವಳು ಸಮಾಧಾನವಾಗಿ ಕೇಳಿ, "ನಿನಗೆ ಪಟ ಉಳೀಬೇಕು, ನನಗೆ ತಾಯಿ ಮುಖ ಕಾಣಬೇಕು ಕಣೋ. ಈ ಕಣ್ಣು ಇನ್ನೆಷ್ಟು ದಿನವೋ" ಎಂದಳು. ಗೋಂದಿನ ಶಾಸ್ತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಎರಡು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. ಮೂರನೆಯ ದಿನ ಅವಳೇ, "ನಿಮ್ಮ ತಾತ ತಂದದ್ದು, ಇದ್ದ ಹಾಗೇ ಇರಲಿ ಬಿಡು" ಎಂದಳು.

ಚಿತ್ರಕ್ಕೆ ತಾಗದಂತೆ ಸುತ್ತ ಪಟ್ಟಿ ಕೊಟ್ಟು ಹೊಸ ಗಾಜು ಹಾಕಿಸಿದೆವು. ದೀಪದ ಹೊಗೆ ಸೋಕದಿರಲೆಂದು ಪಟ ಎರಡು ಮೊಳ ಹಿಂದೆ ಸರಿಯಿತು. ಅಮ್ಮನ ಮಣೆ ಅಷ್ಟೇ ಮುಂದೆ ಬಂತು. ಬೆಳಗ್ಗೆ ಗಾಜಿನ ಮೇಲೆ ಕುಂಕುಮವಿಡುವಾಗ, "ಹಣೆ ಇಲ್ಲೇ ತಾನೆ?" ಎಂದು ನನ್ನನ್ನು ಕೇಳುತ್ತಾಳೆ.