ಮರುಕಳಿಸಿದರೆ ಅದು ಯಾರ ಸೋಲು?

ಇಪ್ಪತ್ತರ ಆಸುಪಾಸಿನವರಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ನೋಡಲು ಬಂದವರೆಲ್ಲ ಹೇಳುವ ಮಾತು ಒಂದೇ: "ಚಿಕ್ಕ ವಯಸ್ಸು, ಮನಸ್ಸು ಗಟ್ಟಿ ಮಾಡ್ಕೋ, ಗೆದ್ದು ಬರ್ತೀಯ." ಹೇಳುವುದು ಪ್ರೀತಿಯಿಂದಲೇ. ಆದರೆ ಕಾಯಿಲೆ ಮರುಕಳಿಸಿದ ದಿನ ಅದೇ ಮಾತು ಆರೋಪವಾಗಿ ನಿಲ್ಲುತ್ತದೆ. ಮನೋಬಲದಿಂದ ಗೆಲ್ಲಬಹುದಾದರೆ, ಸೋತವರ ಮನಸ್ಸೇ ದುರ್ಬಲವಾಗಿತ್ತು ಎಂದಾಯಿತಲ್ಲ? ಈ ಲೆಕ್ಕಾಚಾರ ಕ್ರೂರವಾದದ್ದು, ಮೇಲಾಗಿ ಸುಳ್ಳು. ಅಮೆರಿಕದಲ್ಲಿ ಲಿಂಫೋಬ್ಲಾಸ್ಟಿಕ್ ಲ್ಯುಕೇಮಿಯಾ ಎಂಬ ರಕ್ತದ ಕ್ಯಾನ್ಸರಿಗೆ ಚಿಕಿತ್ಸೆ ಪಡೆದ, 16ರಿಂದ 20 ವಯಸ್ಸಿನ 321 ಮಂದಿಯ ದಾಖಲೆಗಳನ್ನು ಹೋಲಿಸಿದ ಅಧ್ಯಯನವೊಂದು 2008ರಲ್ಲಿ ಪ್ರಕಟವಾಯಿತು. ಕೆಲವರಿಗೆ ಮಕ್ಕಳ ತಜ್ಞರ ಪದ್ಧತಿಯಲ್ಲಿ, ಉಳಿದವರಿಗೆ ವಯಸ್ಕರ ಪದ್ಧತಿಯಲ್ಲಿ ಚಿಕಿತ್ಸೆಯಾಗಿತ್ತು. ಮೊದಲ ಹಂತದಲ್ಲಿ ಎರಡೂ ಕಡೆ ನೂರಕ್ಕೆ 90 ಮಂದಿಯ ಕಾಯಿಲೆ ಹಿಮ್ಮೆಟ್ಟಿತ್ತು. ಏಳು ವರ್ಷಗಳ ಲೆಕ್ಕದಲ್ಲಿ ಮಾತ್ರ ಬದುಕುಳಿದವರು ಮಕ್ಕಳ ಪದ್ಧತಿಯಲ್ಲಿ ನೂರಕ್ಕೆ 67, ವಯಸ್ಕರ ಪದ್ಧತಿಯಲ್ಲಿ 46. ಅದೇ ವಯಸ್ಸು, ಅದೇ ಕಾಯಿಲೆ. ಮಕ್ಕಳ ಪದ್ಧತಿಯಲ್ಲಿ ವಿಂಕ್ರಿಸ್ಟಿನ್, ಸ್ಟೀರಾಯ್ಡ್, ಆಸ್ಪರಾಜಿನೇಸ್ ಹೆಚ್ಚು ಕೊಡುತ್ತಿದ್ದರು; ಮಿದುಳಿಗೆ ಕಾಯಿಲೆ ಹಬ್ಬದಂತೆ ತಡೆಯುವ ಚಿಕಿತ್ಸೆಯನ್ನೂ ಬೇಗ ಶುರುಮಾಡುತ್ತಿದ್ದರು. ಒಂದು ಗುಂಪಿನ ಹುಡುಗರಿಗಷ್ಟೇ ಧೈರ್ಯ ಹೆಚ್ಚಿತ್ತು ಎಂದು ಯಾರಾದರೂ ಹೇಳಿಯಾರೇ?

ಇದಕ್ಕೊಂದು ಗಟ್ಟಿ ಆಕ್ಷೇಪ ಇದೆ: ಈ ವಯಸ್ಸಿನವರು ಮಾತ್ರೆ ತಪ್ಪಿಸುತ್ತಾರೆ, ಆ ಹೊಣೆ ಅವರದೇ ಅಲ್ಲವೇ? ಮಾತ್ರೆ ತಪ್ಪಿದರೆ ಅಪಾಯ ಹೆಚ್ಚುವುದು ನಿಜ. ಆದರೆ ಕಾಯಿಲೆ ಹಿಮ್ಮೆಟ್ಟಿದ ಮೇಲೆ ಬರುವ ನಿರ್ವಹಣಾ ಹಂತದ ಮರ್‌ಕ್ಯಾಪ್ಟೊಪ್ಯೂರಿನ್ ಅನ್ನು ಎರಡು ವರ್ಷದಷ್ಟು ಕಾಲ ದಿನವೂ ನುಂಗಬೇಕು. ಅಷ್ಟರಲ್ಲಿ ಕೂದಲು ಬಂದಿರುತ್ತದೆ, ಕಾಲೇಜೋ ಕೆಲಸವೋ ಮತ್ತೆ ಶುರುವಾಗಿರುತ್ತದೆ, ಊರು ಬಿಟ್ಟು ಹಾಸ್ಟೆಲು ಸೇರಿರುತ್ತಾರೆ. ಮಗುವಾದರೆ ಅಮ್ಮ ಎದುರು ನಿಂತು ನುಂಗಿಸುತ್ತಾಳೆ. ಇವರಿಗೆ ಆ ಕಾವಲು ತಪ್ಪಿ ಹೋಗಿದೆ, ಬೇರೆ ಏರ್ಪಾಡನ್ನು ಯಾರೂ ಮಾಡಿಲ್ಲ. ಇನ್ನು ಎಲ್ಲವನ್ನೂ ಚಾಚೂ ತಪ್ಪದೆ ಮಾಡಿದವರಿಗೂ ಮರುಕಳಿಸುತ್ತದೆ. ಸೂಕ್ಷ್ಮದರ್ಶಕದಡಿ ಮೂಳೆಮಜ್ಜೆ ಶುದ್ಧವಾಗಿ ಕಂಡಾಗಲೂ ಕೋಟಿಗಟ್ಟಲೆ ರೋಗಕೋಶಗಳು ಉಳಿದಿರಬಹುದು; ಹತ್ತು ಸಾವಿರಕ್ಕೆ ಒಂದನ್ನು ಹಿಡಿಯುವ ಪರೀಕ್ಷೆಗೂ ಸಿಗದಷ್ಟು ವಿರಳವಾಗಿ ಕೆಲವು ಅಡಗಿರುತ್ತವೆ. ಅಮೆರಿಕದ ಲೇಖಕಿ ಸುಲೈಕಾ ಜವಾದ್ ಅವರಿಗೆ 2011ರಲ್ಲಿ, 22ರ ವಯಸ್ಸಿನಲ್ಲಿ, ಇನ್ನೊಂದು ಬಗೆಯ ಲ್ಯುಕೇಮಿಯಾ ಬಂತು. ತಮ್ಮನ ಮಜ್ಜೆ ಪಡೆದರು, ಗುಣವಾದರು, ಆ ಅನುಭವವನ್ನು ಪುಸ್ತಕವಾಗಿ ಬರೆದರು. ಪುಸ್ತಕ ಹೊರಬಂದ 2021ರಲ್ಲೇ ಕಾಯಿಲೆ ಹಿಂತಿರುಗಿತು. ಅವರಿಗಿಂತ ಜೀವನಪ್ರೀತಿ ಯಾರಿಗಿರಬೇಕಿತ್ತು?

ಹಾಗಾದರೆ ಧೈರ್ಯಕ್ಕೆ ಬೆಲೆಯೇ ಇಲ್ಲವೇ? ಖಂಡಿತ ಇದೆ. ಬಾಯಿಹುಣ್ಣು, ವಾಂತಿ, ತಿಂಗಳುಗಟ್ಟಲೆ ಒಂಟಿ ಕೋಣೆ, ಇವನ್ನು ದಾಟಲು ಅದು ಬೇಕೇ ಬೇಕು. ಆದರೆ ಕೋಶವನ್ನು ಕೊಲ್ಲುವ ಕೆಲಸ ಅದರದ್ದಲ್ಲ. ಎರಡನೇ ಸಲ ಮಲಗಿದವರ ಮನೆಯವರು ವೈದ್ಯರನ್ನು ಕೇಳಬೇಕಾದ ಬೇರೆ ಮಾತುಗಳಿವೆ: ಯಾವ ಪದ್ಧತಿ, ಮಜ್ಜೆಯ ದಾನಿ ಯಾರು, ಕೀಮೋಗೆ ಮುಂಚೆ ವೀರ್ಯ ಅಥವಾ ಅಂಡಾಣು ಕಾದಿರಿಸಲು ಸಮಯವಿದೆಯೇ. ಐಐಟಿ ಬಾಂಬೆ ಮತ್ತು ಟಾಟಾ ಸ್ಮಾರಕ ಆಸ್ಪತ್ರೆ ಸೇರಿ ರೂಪಿಸಿದ, ರೋಗಿಯದೇ ರೋಗನಿರೋಧಕ ಕೋಶಗಳನ್ನು ಮಾರ್ಪಡಿಸಿ ಕೊಡುವ ಕಾರ್-ಟಿ ಕೋಶ ಚಿಕಿತ್ಸೆಗೆ 2023ರ ಅಕ್ಟೋಬರಿನಲ್ಲಿ ಭಾರತದಲ್ಲಿ ಅನುಮತಿ ಸಿಕ್ಕಿದೆ. ಬಿ-ಕೋಶದ ಲ್ಯುಕೇಮಿಯಾ ಮರುಕಳಿಸಿದ, 15 ವರ್ಷ ದಾಟಿದವರಿಗೂ ಅದು ಅನ್ವಯಿಸುತ್ತದೆ. ಖರ್ಚು ಹತ್ತಾರು ಲಕ್ಷ. ಹಾಸಿಗೆಯ ಪಕ್ಕ ಕೂತವರು ತಲೆ ಕೆಡಿಸಿಕೊಳ್ಳಬೇಕಾದದ್ದು ಆ ಹಣದ ಬಗ್ಗೆ, ರೋಗಿಯ ಮನೋಬಲದ ಬಗ್ಗೆ ಅಲ್ಲ.