ಐದೂವರೆ ವೋಲ್ಟಿನ ಕಾವಲುಗಾರ

ಎಪ್ಪತ್ತು, ಎಂಬತ್ತರ ದಶಕಗಳಲ್ಲಿ ಕರ್ನಾಟಕದ ಊರುಗಳಲ್ಲಿ ಬೆಳೆದ ನಮ್ಮಂಥವರಿಗೆ ವಿದ್ಯುತ್ತು ಎಂದೂ ನಂಬಿಕೆಯ ನೆಂಟನಾಗಿರಲಿಲ್ಲ. ಸಂಜೆ ಏಳಾದರೆ ಮಿಣುಕುಹುಳದಂತಿದ್ದ ಬಲ್ಬು ಮಧ್ಯರಾತ್ರಿ ಊರೆಲ್ಲ ಮಲಗಿದ ಮೇಲೆ ಕಣ್ಣು ಕುಕ್ಕುವಂತೆ ಉರಿಯುತ್ತಿತ್ತು. ಮಳೆಗಾಲದಲ್ಲಿ ಮರ ಬಿದ್ದು ನ್ಯೂಟ್ರಲ್ ತಂತಿ ಕಡಿಯಿತೆಂದರೆ, 230 ವೋಲ್ಟ್ ಬರಬೇಕಾದ ಮನೆಗಳಲ್ಲಿ ಅದು 400ರ ಸಮೀಪಕ್ಕೇರಿ ಬೀದಿಯ ರೇಡಿಯೋ, ಟಿ.ವಿ.ಗಳೆಲ್ಲ ಒಟ್ಟಿಗೆ ಹೊಗೆಯಾಡುತ್ತಿದ್ದುವು. ಆದುದರಿಂದಲೇ ಟಿ.ವಿ. ಕೊಂಡವರು ಅದರ ಜೊತೆಗೆ ಸ್ಟೆಬಿಲೈಜರನ್ನೂ ಕೊಳ್ಳುತ್ತಿದ್ದರು.

ಕೊಲ್ಲಿ ರಾಷ್ಟ್ರಗಳಿಗೆ ಬಂದ ಮೇಲೆ ನಾವು ಮೊದಲು ಮರೆತ ವಸ್ತುಗಳಲ್ಲಿ ಈ ಸ್ಟೆಬಿಲೈಜರೂ ಒಂದು. ನಾನು ವಾಸಿಸುವ ದುಬೈಯ ಅಲ್ ಬರ್ಷಾದಲ್ಲಿ ಹೊರಗೆ ಬಿಸಿಲು 45 ಡಿಗ್ರಿ ದಾಟಿದರೂ ಒಳಗೆ ದೀಪ ಅಲುಗುವುದಿಲ್ಲ. ಇಂಥ ಊರಿನಲ್ಲಿ ಕುಳಿತು ಅತಿವೋಲ್ಟೇಜಿನಿಂದ ರಕ್ಷಿಸುವ ವಿದ್ಯುನ್ಮಂಡಲವೊಂದನ್ನು ನಾನು ಕಟ್ಟಬೇಕಾಗಿ ಬಂದುದಕ್ಕೆ ಕಾರಣ ಒಂದು ಹಳೆಯ ಗಣಕಯಂತ್ರ, ಮತ್ತು ಅದರೊಳಗಿನ ಕನ್ನಡ ಅಕ್ಷರಮಾಲೆ.

ನನ್ನ ಚಿಕ್ಕಪ್ಪ ಪುತ್ತೂರು ಕಡೆಯವರು. 1979ರಲ್ಲಿ ದುಬೈಗೆ ಬಂದು ದೇರಾದ ಒಂದು ವ್ಯಾಪಾರ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡಿಕೊಂಡಿದ್ದರು. 1985ರಲ್ಲಿ ಅವರು ಒಂದು ಕಮೊಡೋರ್ 64 ಕೊಂಡರು. 1982ರಲ್ಲಿ ಮಾರುಕಟ್ಟೆಗೆ ಬಂದ ಈ ಯಂತ್ರ ನೋಡಲಿಕ್ಕೆ ದಪ್ಪನೆಯ ಒಂದು ಕೀಲಿಮಣೆ, ಅಷ್ಟೆ. ಟಿ.ವಿ.ಯೇ ಅದಕ್ಕೆ ಪರದೆ, ಕ್ಯಾಸೆಟ್ಟೇ ಅದರ ಭಂಡಾರ. ನೆನಪಿನ ಶಕ್ತಿ 64 ಕಿಲೋಬೈಟ್, ವೇಗ ಸುಮಾರು ಒಂದು ಮೆಗಾಹರ್ಟ್ಸ್. ಇಂದು ನಮ್ಮ ಕಿಸೆಯಲ್ಲಿರುವ ದೂರವಾಣಿಯ ಎದುರು ಅದು ಲೆಕ್ಕಕ್ಕೇ ಇಲ್ಲ.

ಆ ಕಾಲದಲ್ಲಿ ಕೊಲ್ಲಿಯ ಅನೇಕ ಅರಬ್ ಮನೆಗಳಲ್ಲಿ ‘ಸಖ್ರ್’ ಗಣಕಗಳಿದ್ದುವು. ಮುಹಮ್ಮದ್ ಅಲ್ ಶಾರಿಖ್ ಅವರು 1982ರಲ್ಲಿ ಕುವೈತಿನಲ್ಲಿ ಸ್ಥಾಪಿಸಿದ ಅಲ್ ಆಲಮಿಯಾ ಸಂಸ್ಥೆ, ಎಂಎಸ್ಎಕ್ಸ್ ಮಾದರಿಯ ಯಂತ್ರಗಳಿಗೆ ಅರಬ್ಬೀ ಲಿಪಿಯನ್ನು ಒಳಗೇ ಅಳವಡಿಸಿ ಮಾರುತ್ತಿತ್ತು. ಅರಬ್ ಮಗು ಗುಂಡಿ ಒತ್ತಿದರೆ ಪರದೆಯಲ್ಲಿ ಅಲಿಫ್ ಮೂಡುತ್ತಿತ್ತು. ನೆರೆಮನೆಯಲ್ಲಿ ಇದನ್ನು ಕಂಡ ಚಿಕ್ಕಪ್ಪನಿಗೆ, ತಮ್ಮ ಮಗಳು ಗುಂಡಿ ಒತ್ತಿದರೆ ‘ಅ’ ಏಕೆ ಮೂಡಬಾರದು ಎನ್ನಿಸಿತಂತೆ. ಇಂದು ದುಬೈಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ವಾರಾಂತ್ಯದ ತರಗತಿಗಳಿವೆ. ಅಂದು ಅವರ ಪಾಲಿಗೆ ಅಂಥದ್ದೇನೂ ಒದಗಿರಲಿಲ್ಲ.

ಕಮೊಡೋರ್ 64ರಲ್ಲಿ ಪ್ರತಿ ಅಕ್ಷರವೂ ಎಂಟಕ್ಕೆ ಎಂಟು ಚುಕ್ಕೆಗಳ ಒಂದು ಚೌಕ. ಅಂಥ 256 ಚೌಕಗಳನ್ನು ನಮಗೆ ಬೇಕಾದಂತೆ ಹೊಸದಾಗಿ ಬರೆದುಕೊಳ್ಳಬಹುದು. ಇಂಗ್ಲಿಷಿಗೆ ಒಂದು ಚೌಕ ಸಾಕು. ನಮ್ಮ ದುಂಡಾದ ಲಿಪಿ ಅಷ್ಟರಲ್ಲಿ ಹಿಡಿಯದು. ಚಿಕ್ಕಪ್ಪ ಒಂದು ಅಕ್ಷರಕ್ಕೆ ನಾಲ್ಕು ಚೌಕ ಕೊಟ್ಟರು. ವರ್ಣಮಾಲೆಯ 49 ಅಕ್ಷರಗಳಿಗೆ 196 ಚೌಕಗಳಾದುವು. ಉಳಿದ 60ರಲ್ಲಿ ಅಂಕಿಗಳೂ ಕೆಲವು ಚಿಹ್ನೆಗಳೂ ಸೇರಿದುವು. ಒತ್ತಕ್ಷರಕ್ಕಾಗಲಿ ಇಡೀ ಕಾಗುಣಿತಕ್ಕಾಗಲಿ ಜಾಗವಿಲ್ಲ. ಗ್ರಾಫ್ ಕಾಗದದ ಮೇಲೆ ಪೆನ್ಸಿಲಿನಿಂದ ಚುಕ್ಕೆ ತುಂಬಿ, ಪ್ರತಿ ಸಾಲನ್ನೂ ಸಂಖ್ಯೆಯಾಗಿ ಪರಿವರ್ತಿಸಿ, ಕಚೇರಿಯಿಂದ ಬಂದ ಮೇಲೆ ರಾತ್ರಿಗಳಲ್ಲಿ ಅವುಗಳನ್ನು ಒಂದೊಂದಾಗಿ ಒತ್ತಿ ಕ್ಯಾಸೆಟ್ಟಿಗಿಳಿಸಿದರು. ಕೀಲಿಗಳ ಮುಂಬದಿಗೆ ಪುಟ್ಟ ಕಾಗದದ ಅಕ್ಷರಗಳನ್ನು ಅಂಟಿಸಿದರು. ಕೆ.ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಾಗಲಿ, 1998ರಲ್ಲಿ ಬಂದ ‘ಬರಹ’ವಾಗಲಿ ಸಾಮಾನ್ಯರ ಕೈಗೆ ಎಟುಕುವ ಮೊದಲಿನ ಮಾತಿದು. ಆ ಯಂತ್ರದ ಮುಂದೆ ಕುಳಿತು ಅಆಇಈ ಕಲಿತ ಹುಡುಗಿ ಇಂದು ಅಮೆರಿಕದಲ್ಲಿ ಗೃಹಿಣಿ, ವೈದ್ಯೆ, ಒಬ್ಬ ಹತ್ತು ವರ್ಷದ ಹುಡುಗನ ತಾಯಿ.

2003ರಲ್ಲಿ ಚಿಕ್ಕಪ್ಪ ಊರಿಗೆ ಮರಳುವಾಗ ಪೆಟ್ಟಿಗೆಯನ್ನು ನನಗೆ ಒಪ್ಪಿಸಿ ಹೋದರು. ಕೊಲ್ಲಿ ದೇಶದ ಬದುಕು ಬಲ್ಲವರಿಗೆ ಇದರ ಅರ್ಥವಾದೀತು. ಇಲ್ಲಿ ಕೆಲಸ ಮುಗಿದರೆ ವೀಸಾ ಮುಗಿಯುತ್ತದೆ. ಮೂವತ್ತು ವರ್ಷಗಳ ಸಂಸಾರವನ್ನು ಕೆಲವೇ ವಾರಗಳಲ್ಲಿ ಕಟ್ಟಬೇಕು. ಬೆಲೆಯುಳ್ಳದ್ದು ಸಾಮಾನಿನೊಡನೆ ಊರಿಗೆ ಹೋಗುತ್ತದೆ, ಬೆಲೆಯಿಲ್ಲದ್ದು ಕಸದ ತೊಟ್ಟಿಯ ಪಕ್ಕಕ್ಕೆ. ಮಾರುಕಟ್ಟೆಯಲ್ಲಿ ಬೆಲೆಯಿಲ್ಲದ, ಆದರೆ ಮತ್ತೆಲ್ಲೂ ಸಿಗದ ವಸ್ತುಗಳಿಗೆ ಯಾರಾದರೂ ಬಂಧುವಿನ ಅಟ್ಟವೇ ಗತಿ.

ಹೀಗಿರಲು, ಕಳೆದ ಬೇಸಿಗೆಯಲ್ಲಿ ತಂಗಿ ದೂರವಾಣಿ ಮಾಡಿ, ಊರಿಗೆ ಹೋಗುವ ದಾರಿಯಲ್ಲಿ ಮಗನೊಂದಿಗೆ ದುಬೈಯಲ್ಲಿ ಎರಡು ದಿನ ಇಳಿಯುವುದಾಗಿ ಹೇಳಿದಳು. “ಅಣ್ಣಾ, ಅಪ್ಪನ ಕಂಪ್ಯೂಟರ್ ಇನ್ನೂ ಇದೆಯಾ? ಇವನಿಗೊಮ್ಮೆ ತೋರಿಸಬೇಕಿತ್ತು” ಎಂದಳು.

ತೋರಿಸುವುದೆಂದರೆ ಹಳೆಯ ಪೂರೈಕೆ ಪೆಟ್ಟಿಗೆಯನ್ನು ಗೋಡೆಗೆ ಸಿಕ್ಕಿಸಿ ಗುಂಡಿ ಒತ್ತುವುದಲ್ಲ. ವೃತ್ತಿಯಿಂದ ವಿದ್ಯುತ್ ಎಂಜಿನಿಯರನಾದ ನನಗೆ ಗೊತ್ತಿದ್ದ ಸಂಗತಿಯೆಂದರೆ, ಈ ಯಂತ್ರದ ಶತ್ರು ಹೊರಗಿನ ತಂತಿಯಲ್ಲಿಲ್ಲ, ಅದಕ್ಕೆ ಉಣಿಸುವ ಆ ಪೆಟ್ಟಿಗೆಯಲ್ಲೇ ಇದೆ. ಆ ಕಾಲದ ಇತರ ಯಂತ್ರಗಳೊಂದಿಗೆ ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ. ಭಾರತದ ಶಾಲೆಗಳಿಗೆ 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯ ಮೂಲಕ ಬಂದ ಬಿಬಿಸಿ ಮೈಕ್ರೋದಲ್ಲಿ ಪೂರೈಕೆ ಯಂತ್ರದೊಳಗೇ ಇತ್ತು. ಸಿಂಕ್ಲೇರ್ ಸ್ಪೆಕ್ಟ್ರಮ್ ಹೊರಗಿನಿಂದ 9 ವೋಲ್ಟ್ ಪಡೆದು ಒಳಗೆ ತಾನೇ 5ಕ್ಕೆ ಇಳಿಸಿಕೊಳ್ಳುತ್ತಿತ್ತು. ಕಮೊಡೋರ್ 64ರಲ್ಲಾದರೋ ಹೊರಗಿನ ಪೆಟ್ಟಿಗೆಯೇ 5 ವೋಲ್ಟ್ ನೇರ ವಿದ್ಯುತ್ತನ್ನೂ 9 ವೋಲ್ಟ್ ಪರ್ಯಾಯ ವಿದ್ಯುತ್ತನ್ನೂ ಕಳಿಸುತ್ತದೆ. ಆ 5 ವೋಲ್ಟ್ ನಡುವೆ ಯಾವ ತಡೆಯೂ ಇಲ್ಲದೆ ಸ್ಮೃತಿ ಚಿಪ್ಪುಗಳಿಗೆ ನೇರವಾಗಿ ಹೋಗುತ್ತದೆ.

ಆ ಪೆಟ್ಟಿಗೆಗಳಲ್ಲಿ ಅನೇಕವನ್ನು ಎಪಾಕ್ಸಿ ಅಂಟು ಸುರಿದು ಇಟ್ಟಿಗೆಯಂತೆ ಗಟ್ಟಿ ಮಾಡಲಾಗಿತ್ತು. ಬಿಸಿ ಹೊರಬರಲು ದಾರಿಯಿಲ್ಲ, ಬಿಚ್ಚಿ ರಿಪೇರಿ ಮಾಡುವಂತೆಯೂ ಇಲ್ಲ. ವರ್ಷಗಳ ಕಾವಿನಲ್ಲಿ ಒಳಗಿನ ನಿಯಂತ್ರಕ ಹದಗೆಟ್ಟರೆ ಅದು ಕೊಡುವುದನ್ನು ನಿಲ್ಲಿಸುವ ಬದಲು ಹೆಚ್ಚು ಕೊಡಲಾರಂಭಿಸುತ್ತದೆ. ಐದು ಬರಬೇಕಾದಲ್ಲಿ ಆರು, ಏಳು, ಎಂಟು. ಚಿಪ್ಪುಗಳ ಸುರಕ್ಷಿತ ವ್ಯಾಪ್ತಿ ಹೆಚ್ಚೆಂದರೆ ಐದೂಕಾಲು. ಏಳು ದಾಟಿದರೆ ಸ್ಮೃತಿ ಚಿಪ್ಪುಗಳು ಉಳಿಯುವ ಆಸೆ ಕಡಿಮೆ. ಅತಿಯಾದರೆ ಅಮೃತವೂ ವಿಷ ಎಂಬುದು ಇಲ್ಲಿ ಅಕ್ಷರಶಃ ಸತ್ಯ. ಗೋಡೆಯ ವಿದ್ಯುತ್ತು ಎಷ್ಟೇ ಶುದ್ಧವಾಗಿದ್ದರೂ, ಸ್ಟೆಬಿಲೈಜರ್ ಅಥವಾ ಯುಪಿಎಸ್ ಇದ್ದರೂ, ಈ ರೋಗಕ್ಕೆ ಅವು ಮದ್ದಲ್ಲ. ಕಮೊಡೋರ್ ಕಂಪನಿ 1994ರಲ್ಲಿ ದಿವಾಳಿಯಾಯಿತು; ಅದರ ಚಿತ್ರ ಮತ್ತು ಧ್ವನಿಯ ಮೂಲ ಚಿಪ್ಪುಗಳು ತಯಾರಾಗುವುದು ನಿಂತು ದಶಕಗಳಾದುವು.

ಮೊದಲು ಕ್ಯಾಸೆಟ್ಟನ್ನು ಸಾಧಾರಣ ಟೇಪ್ ರೆಕಾರ್ಡರಿನಲ್ಲಿ ನುಡಿಸಿ ಹೊಸ ಗಣಕಕ್ಕೆ ಪ್ರತಿ ಮಾಡಿಕೊಂಡೆ. ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶಗಳು ಇಂದು ಉಚಿತವಾಗಿ ದೊರೆಯುವುದರಿಂದ ಅಕ್ಷರಗಳಂತೂ ಉಳಿದುವು. ಇನ್ನು ಉಳಿಸಬೇಕಾದುದು ಯಂತ್ರವನ್ನು, ಆ ಕಾಗದದ ಅಕ್ಷರಗಳಂಟಿದ ಕೀಲಿಗಳು ಇನ್ನೂ ಕೆಲಸ ಮಾಡುವ ಸ್ಥಿತಿಯಲ್ಲಿ.

ಹೊಸ ಪೂರೈಕೆ ಪೆಟ್ಟಿಗೆ ಕೊಳ್ಳುವುದು ಒಳ್ಳೆಯದೇ, ನಾನೂ ಕೊಂಡೆ. ಆದರೆ ಹೊಸದೂ ಒಂದು ದಿನ ಹಳೆಯದಾಗುತ್ತದೆ. ಆದುದರಿಂದ ಪೆಟ್ಟಿಗೆಗೂ ಗಣಕಕ್ಕೂ ನಡುವೆ ಒಬ್ಬ ಕಾವಲುಗಾರ ಬೇಕು. ಅವನ ಕೆಲಸ ಒಂದೇ: ವೋಲ್ಟೇಜು ಐದೂವರೆ ಮುಟ್ಟಿದ ಕ್ಷಣ ಬಾಗಿಲು ಹಾಕುವುದು.

ಇದರ ಹೃದಯ ಟಿಎಲ್431 ಎಂಬ ಮೂರು ಕಾಲಿನ ಪುಟ್ಟ ಬಿಡಿಭಾಗ. ಅದರೊಳಗೆ ಸುಮಾರು ಎರಡೂವರೆ ವೋಲ್ಟಿನ ನಿಖರವಾದ ಅಳತೆಗೋಲು ಇದೆ. 12 ಸಾವಿರ ಮತ್ತು 10 ಸಾವಿರ ಓಮಿನ ಎರಡು ರೋಧಕಗಳು ಬರುವ ವೋಲ್ಟೇಜನ್ನು ಪಾಲುಮಾಡಿ ಅದಕ್ಕೆ ತೋರಿಸುತ್ತವೆ. ಎರಡೂವರೆಯನ್ನು 2.2ರಿಂದ ಗುಣಿಸಿದರೆ ಐದೂವರೆ. ಅಲ್ಲಿಯವರೆಗೆ ಅದು ಮೌನಿ. ಆ ಗಡಿ ಮುಟ್ಟಿದೊಡನೆ ಅದು ಒಂದು ಟ್ರಾನ್ಸಿಸ್ಟರನ್ನು ಎಚ್ಚರಿಸುತ್ತದೆ, ಟ್ರಾನ್ಸಿಸ್ಟರು ಎಸ್‌ಸಿಆರ್ ಎಂಬ ಬಲಶಾಲಿಯನ್ನು ಎಬ್ಬಿಸುತ್ತದೆ. ಎಸ್‌ಸಿಆರ್ 5 ವೋಲ್ಟಿನ ತಂತಿಯನ್ನೂ ನೆಲದ ತಂತಿಯನ್ನೂ ಬೆಸೆದುಬಿಡುತ್ತದೆ. ವೋಲ್ಟೇಜು ಒಂದರ ಆಸುಪಾಸಿಗೆ ಕುಸಿಯುತ್ತದೆ. ಪ್ರವಾಹ ಏರಿ ಮುಂದಿರುವ 2 ಆಂಪಿಯರಿನ ಫ್ಯೂಸ್ ಹಾರುತ್ತದೆ. ಫ್ಯೂಸ್ ತಡಮಾಡಿದರೂ ಚಿಂತೆಯಿಲ್ಲ: ಒಮ್ಮೆ ಎಚ್ಚೆತ್ತ ಎಸ್‌ಸಿಆರ್ ಪ್ರವಾಹ ನಿಲ್ಲುವವರೆಗೂ ಹಿಡಿತ ಬಿಡುವುದಿಲ್ಲ. ಎಂಜಿನಿಯರುಗಳು ಇದಕ್ಕೆ ‘ಕ್ರೋಬಾರ್’ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಎರಡು ತಂತಿಗಳ ಮೇಲೆ ಅಡ್ಡಲಾಗಿ ಹಾರೆ ಇಟ್ಟಂತೆ. ರಿಲೇ ಬಳಸಿ ತಂತಿ ಕಡಿಯುವ ಕ್ರಮವೂ ಉಂಟು. ಆದರೆ ರಿಲೇಗೆ ಕೆಲವು ಮಿಲಿಸೆಕೆಂಡು ಬೇಕು, ಎಸ್‌ಸಿಆರಿಗೆ ಮೈಕ್ರೋಸೆಕೆಂಡುಗಳು ಸಾಕು. 9 ವೋಲ್ಟಿನ ತಂತಿಗಳನ್ನು ಮುಟ್ಟಬೇಕಾಗಿಲ್ಲ. ಅವು ಟ್ರಾನ್ಸ್‌ಫಾರ್ಮರಿನಿಂದ ನೇರ ಬರುತ್ತವೆ, ಗಣಕದೊಳಗೆ ಅವಕ್ಕೆ ಬೇರೆಯೇ ಫ್ಯೂಸ್ ಇದೆ.

ಬಿಡಿಭಾಗಗಳನ್ನು ರಜೆಯಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತಂದಿದ್ದೆ. ಎರಡು ಸಂಜೆಗಳಲ್ಲಿ ಬೆಸುಗೆ ಮುಗಿದು, ಸಾಬೂನು ಪೆಟ್ಟಿಗೆಯಷ್ಟು ದೊಡ್ಡ ಡಬ್ಬಿಯೊಳಗೆ ಎಲ್ಲವೂ ಕುಳಿತುಕೊಂಡಿತು. ಪರೀಕ್ಷೆಗೆ ಗಣಕವನ್ನು ಬಳಸುವುದು ತರವಲ್ಲ. ಅದರ ಬದಲಿಗೆ 5.6 ಓಮಿನ, 10 ವಾಟಿನ ರೋಧಕವೊಂದನ್ನಿಟ್ಟು, ಬೇಕಾದಂತೆ ಏರಿಳಿಸಬಲ್ಲ ಪೂರೈಕೆಯಿಂದ ಮೆಲ್ಲಮೆಲ್ಲನೆ ವೋಲ್ಟೇಜು ಏರಿಸಿದೆ. 5.2, 5.3, 5.4; ಏನೂ ಆಗಲಿಲ್ಲ. 5.5 ಮುಟ್ಟುತ್ತಲೇ ಮೀಟರಿನ ಅಂಕಿ ಕುಸಿಯಿತು. ಹತ್ತು ಸಲ ಮಾಡಿದೆ, ಹತ್ತು ಸಲವೂ ಅಲ್ಲಿಯೇ.

ತಂಗಿ ಬಂದ ದಿನ ಸಂಜೆ ಅಲ್ ಬರ್ಷಾದ ನಮ್ಮ ಕೋಣೆಯಲ್ಲಿ ಯಂತ್ರವನ್ನು ಹಳೆಯ ಟಿ.ವಿ.ಗೆ ಜೋಡಿಸಿದೆವು. ಕ್ಯಾಸೆಟ್ಟು ಓದಿ ಮುಗಿಯಲು ಹಲವು ನಿಮಿಷ ಬೇಕಾಯಿತು. ಹುಡುಗನಿಗೆ ಇಷ್ಟು ಹೊತ್ತು ಕಾಯುವುದೇ ಹೊಸ ಅನುಭವ. ಪರದೆ ಸಿದ್ಧವಾದಾಗ ಅವನು ಕೀಲಿಗಳ ಮುಂದೆ ಬಾಗಿ ಹುಡುಕಿ, ‘ಕ’ ಒತ್ತಿದ. ನೀಲಿ ಪರದೆಯ ಮೇಲೆ ಅಂಚು ಮೆಟ್ಟಿಲು ಮೆಟ್ಟಿಲಾದ, ಸ್ವಲ್ಪ ಎಡಕ್ಕೆ ವಾಲಿದ ಒಂದು ‘ಕ’ ಮೂಡಿತು. “ಇದು ಅಜ್ಜ ಬರೆದದ್ದಾ?” ಎಂದು ಕೇಳಿದ. ತಂಗಿ ಉತ್ತರ ಹೇಳದೆ ಊರಿಗೆ ದೂರವಾಣಿ ಮಾಡಿ, ಅದನ್ನು ಪರದೆಯತ್ತ ತಿರುಗಿಸಿ ಹಿಡಿದಳು. ಎಂಬತ್ತು ದಾಟಿದ ಚಿಕ್ಕಪ್ಪನ ಕಣ್ಣು ಈಗ ಮಂಜು. ಬಹಳ ಹೊತ್ತು ನೋಡಿ, “ಅದನ್ನು ಇನ್ನೂ ಬಿಸಾಡಲಿಲ್ಲವಾ ಮಾರಾಯ?” ಎಂದರು. ಅನಂತರ ಮೊಮ್ಮಗನಿಗೆ, “‘ಳ’ ಒತ್ತು ನೋಡುವ. ಅದಕ್ಕೆ ನಾನು ನಾಲ್ಕು ರಾತ್ರಿ ಕೂತಿದ್ದೇನೆ” ಎಂದರು.

ಸಮ್ಮೇಳನಕ್ಕೆ ನಾನಾ ದೇಶಗಳಿಂದ ಬಂದಿರುವ ಬಂಧುಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೇ. ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥ ಒಂದು ಪೆಟ್ಟಿಗೆ ಇದ್ದೀತು. ಅದರ ಕ್ಯಾಸೆಟ್ಟಿನಲ್ಲೋ ಫ್ಲಾಪಿಯಲ್ಲೋ ಕೂಟದ ಮೊದಲ ಸದಸ್ಯರ ಪಟ್ಟಿ, ಮೊದಲ ಕೈಬರಹ ಪತ್ರಿಕೆಯ ಲೇಖನ, ಯಾರೋ ಚುಕ್ಕೆ ಚುಕ್ಕೆಯಾಗಿ ಬರೆದ ಕನ್ನಡ ಇದ್ದೀತು. ನೆನಪಾದೊಡನೆ ಗೋಡೆಗೆ ಸಿಕ್ಕಿಸಬೇಡಿ. ಅಮೆರಿಕದ ಯಂತ್ರ 120 ವೋಲ್ಟಿಗೆ ಮಾಡಿದ್ದು. ಭಾರತಕ್ಕೋ ಕೊಲ್ಲಿಗೋ ಒಯ್ದು ಇಲ್ಲಿನ 230ಕ್ಕೆ ಕೊಟ್ಟರೆ ಕ್ಷಣದಲ್ಲಿ ಕತೆ ಮುಗಿಯಿತು. ಪೂರೈಕೆ ಪೆಟ್ಟಿಗೆಯನ್ನು ಗಣಕದಿಂದ ಬೇರ್ಪಡಿಸಿ, ಒಂದು ರೋಧಕದ ಭಾರ ಕೊಟ್ಟು, ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಮೀಟರಿನಲ್ಲಿ ಅಳೆಯಿರಿ. ತಣ್ಣಗಿದ್ದಾಗ ಸರಿ ತೋರಿಸಿ ಬಿಸಿಯಾದಾಗ ದಾರಿ ತಪ್ಪುವ ಪೆಟ್ಟಿಗೆಗಳುಂಟು. ಅಳತೆ ಸರಿಯಿದ್ದರೂ ನಡುವೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂಬ ಗಾದೆ ನಮ್ಮ ಪಾಲಿಗೆ ಬಾರದಿರಲಿ. ನಿಮಗೆ ಬೆಸುಗೆ ಹಾಕಲು ಬಾರದಿದ್ದರೆ ನಿಮ್ಮ ಕೂಟದಲ್ಲಿ ಎಂಜಿನಿಯರುಗಳಿಗೆ ಬರವಿರಲಾರದು. ಒಂದು ಭಾನುವಾರ ಊಟಕ್ಕೆ ಕರೆದು ಪೆಟ್ಟಿಗೆಯನ್ನು ಅವರ ಮುಂದಿಡಿ.